ಮುನ್ನೂರು ಫೋಟೋ, ಆರುನೂರು ಮುಚ್ಚಿದ ಕಣ್ಣು

ಸ್ಟುಡಿಯೋದ ಅಕ್ಕ ತಮ್ಮನ ಜಗಳಕ್ಕೆ ಆ ಬೀದಿಯ ಪಾರಿವಾಳಗಳೆಲ್ಲ ಊರು ಬಿಟ್ಟಿದ್ದವು. ಇದರಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಬೇಕಾದರೆ ಎದುರು ಕಟ್ಟಡದ ದರ್ಜಿಯನ್ನು ಕೇಳಿ, ಅವನೂ ಹೊರಡುವವನಿದ್ದ. ಹನ್ನೆರಡು ವರ್ಷದ ಹಳೇ ಕ್ಯಾಮೆರಾದ ಜೊತೆ ಇನ್ನು ಏಗುವುದು ಸಾಧ್ಯವಿಲ್ಲ ಎಂಬುದನ್ನು ಇಬ್ಬರೂ ಒಪ್ಪಿದ್ದರು. ಇದ್ದ ದುಡ್ಡಿಗೆ ಹೊಸದಾಗಿ ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಕೊಳ್ಳುವುದೋ, ಲೆನ್ಸ್ ಕೊಳ್ಳುವುದೋ ಎಂಬಲ್ಲಿಗೆ ಬಂದಾಗ ಹಾವು ಮುಂಗುಸಿ.

“ಲೆನ್ಸ್ ಅಂದ್ರೆ ಕಣ್ಣು ಕಣೋ. ಕಣ್ಣೇ ಮಂಜಾದ್ಮೇಲೆ ಬಾಡಿ ತಗೊಂಡು ಏನ್ಮಾಡ್ತೀಯ, ತಲೆದಿಂಬು ಮಾಡ್ಕೋತೀಯ?”

“ಲೆನ್ಸ್ ಕಣ್ಣಾದ್ರೆ ಬಾಡಿ ಮಿದುಳು ಕಣಕ್ಕ. ನಮ್ಮನೇಲಿ ಬರ ಇರೋದು ಅದಕ್ಕೇ ಅಲ್ವಾ?”

ಕ್ಯಾಮೆರಾ ಅಂಗಡಿಯವನಿಗೆ ಇವರ ಕಾಟ ತಡೆಯಲಾಗಲಿಲ್ಲ. ಒಂದು ಬಾಡಿ, ಒಂದು ಉದ್ದನೆಯ ಲೆನ್ಸ್ ಎರಡನ್ನೂ ಕೈಗಿತ್ತು, “ಇವತ್ತೊಂದಿನ ಇಟ್ಕೊಳ್ಳಿ. ಸಂಜೆ ಯಾವುದಾದ್ರೂ ಒಂದನ್ನ ವಾಪಸ್ ತನ್ನಿ, ಜಗಳ ಮಾತ್ರ ತರಬೇಡಿ” ಎಂದು ಕೈಮುಗಿದಿದ್ದ.

ಮಧ್ಯಾಹ್ನ ಎರಡಕ್ಕೆ ಬಾಗಿಲು ಧಡಾರನೆ ತೆರೆದು ಒಳಬಂದದ್ದು ಅತ್ತೆ, ಅಪ್ಪನ ತಂಗಿ. ಅರವತ್ತೆಂಟರ ಟೇಬಲ್ ಟೆನಿಸ್ ಆಟಗಾರ್ತಿ. ಅವರು ಹೊಡೆದ ಚೆಂಡನ್ನು ಕಂಡವರಿಲ್ಲ, ಸದ್ದು ಕೇಳಿದವರಷ್ಟೇ ಇದ್ದಾರೆ. ಹೊರದೇಶದ ಹಿರಿಯರ ಪಂದ್ಯಾವಳಿಗೆ ಆಯ್ಕೆಯಾಗಿದ್ದರು. ಆದರೆ ಪಾಸ್‌ಪೋರ್ಟ್ ಕಚೇರಿಯವರು ಅವರ ಫೋಟೋವನ್ನು ಮೂರು ಸಲ ತಿರುಗಿಸಿ ಕಳಿಸಿದ್ದರು. ಮೂರರಲ್ಲೂ ಕಣ್ಣು ಮುಚ್ಚಿತ್ತು.

“ಐದು ಗಂಟೆಯೊಳಗೆ ಫೋಟೋ ಕೊಡದಿದ್ರೆ ನನ್ನ ಬದಲು ಆ ಗೊರಕೆ ಮೇಡಂ ಹೋಗ್ತಾಳೆ!” ಎಂದರು ಅತ್ತೆ. “ವಿಮಾನದಲ್ಲಿ ಕಿಟಕಿ ಪಕ್ಕ ಕೂತ್ಕೊಂಡು ಗೊರಕೆ ಹೊಡೀತಾಳೆ ಕಣೇ.”

ಆ ಹಳೇ ಕ್ಯಾಮೆರಾ ಕೊಡಿಸಿದವರೇ ಅತ್ತೆ. ಹನ್ನೆರಡು ವರ್ಷದಲ್ಲಿ ಅದೇ ಕ್ಯಾಮೆರಾದಲ್ಲಿ ಅತ್ತೆ ಕಣ್ಣು ಬಿಟ್ಟಿರುವ ಒಂದೇ ಒಂದು ಫೋಟೋ ತೆಗೆಯಲು ಅಕ್ಕನಿಂದ ಆಗಿರಲಿಲ್ಲ. ಮದುವೆ ಆಲ್ಬಮ್‌ಗಳಲ್ಲೆಲ್ಲ ಅತ್ತೆ ಧ್ಯಾನಸ್ಥರು.

“ಅತ್ತೆ ಕಣ್ಣನ್ನ ಯಾವುದು ಹಿಡಿಯುತ್ತೋ ಅದನ್ನೇ ಕೊಳ್ಳೋಣ” ಎಂದ ತಮ್ಮ. ಅಕ್ಕ ಕೈಗೆ ಕೈ ತಟ್ಟಿದಳು.

ಮೊದಲು ಬಾಡಿಯ ಸರದಿ. ಸೆಕೆಂಡಿಗೆ ಮೂವತ್ತು ಫೋಟೋ! ತಮ್ಮ ಹತ್ತು ಸೆಕೆಂಡು ಗುಂಡಿ ಒತ್ತಿ ಹಿಡಿದ. ಮುನ್ನೂರು ಫೋಟೋ, ಆರುನೂರು ಕಣ್ಣು, ಆರುನೂರೂ ಮುಚ್ಚಿದ್ದವು. ಛಲ ಬಿಡದೆ ಮತ್ತೆ ಮತ್ತೆ ಒತ್ತಿದ. ಕೊನೆಗೆ ಬ್ಯಾಟರಿಯೂ ಕಣ್ಣು ಮುಚ್ಚಿತು.

“ಮುಗೀತಾ?” ಎಂದು ಅತ್ತೆ ಕಣ್ಣು ಬಿಟ್ಟರು. ಬೀದಿದೀಪಗಳಂಥ ಕಣ್ಣುಗಳು!

“ಇದು ಹತ್ತಿರ ಹೋಗಿ ಹೆದರಿಸೋ ಕೆಲಸ ಅಲ್ಲ, ದೂರದಿಂದ ಕದಿಯೋ ಕೆಲಸ” ಎಂದು ಅಕ್ಕ ಅತ್ತೆಯನ್ನು ಕಿಟಕಿಯ ಬಳಿ, ಬಿಳಿ ಗೋಡೆಯ ಮುಂದೆ ಕೂರಿಸಿದಳು. ತಾನು ಹಳೇ ಕ್ಯಾಮೆರಾಕ್ಕೆ ಸಿಕ್ಕಿಸಿದ ಫಿರಂಗಿಯಂಥ ಲೆನ್ಸನ್ನು ಹೊತ್ತು ರಸ್ತೆ ದಾಟಿ, ದರ್ಜಿಯ ಕೋಟುಗಳ ಸಾಲಿನ ಹಿಂದೆ ಅಡಗಿದಳು. ಉಸಿರು ಬಿಗಿಹಿಡಿದು ಗುಂಡಿ ಮುಟ್ಟಿದಳೋ ಇಲ್ಲವೋ, ಅಷ್ಟು ದೂರದಲ್ಲಿ ಅತ್ತೆಯ ರೆಪ್ಪೆಗಳು ಅಂಗಡಿಯ ಶಟರ್‌ನಂತೆ ಸರ್ರನೆ ಇಳಿದವು.

“ಯಾಕತ್ತೆ?” ವಾಪಸ್ ಓಡಿಬಂದು ಕೇಳಿದಾಗ ಅಕ್ಕನಿಗೆ ಅಳುವೊಂದೇ ಬಾಕಿ.

“ಏನೋ ಬರ್ತಿದೆ ಅನ್ನಿಸ್ತಮ್ಮ.”

ಆಗಲೇ ನಾಲ್ಕೂ ಕಾಲು. ಅಕ್ಕ ತಲೆಯ ಮೇಲೆ ಕೈ ಹೊತ್ತು ಕೂತಳು. ಅತ್ತೆ ಚೀಲದಿಂದ ಚೆಂಡು ತೆಗೆದು ಗೋಡೆಗೆ ಎಸೆಯುತ್ತ, ಹಿಡಿಯುತ್ತ ಕೂತರು. ಟಕ್. ಟಕ್. ಟಕ್.

ಅಕ್ಕ ನೋಡುತ್ತಿದ್ದಳು. ಒಂದು ನಿಮಿಷ, ಎರಡು ನಿಮಿಷ. ಅತ್ತೆಯ ರೆಪ್ಪೆ ಮಿಸುಕಲಿಲ್ಲ!

“ಲೋ, ಆ ಚೆಂಡು ಹಿಡ್ಕೊಂಡು ನನ್ನ ಹಿಂದೆ ನಿಂತ್ಕೋ! ನಾನು ಹ್ಞೂಂ ಅಂದ ತಕ್ಷಣ ನನ್ನ ತಲೆ ಮೇಲಿಂದ ಎಸಿ.”

ಹೊಸ ಬಾಡಿಗೆ ಜೀವವಿರಲಿಲ್ಲ. ಹತ್ತಡಿಯ ಕೋಣೆಯಲ್ಲಿ ಹೊಸ ಲೆನ್ಸ್ ಹಾಕಿದರೆ ಅತ್ತೆಯ ಮೂಗಿನ ಒಂದು ಹೊಳ್ಳೆ ಮಾತ್ರ ಹಿಡಿಸುತ್ತಿತ್ತು. ಅಕ್ಕ ಹಳೇ ಕ್ಯಾಮೆರಾಕ್ಕೆ ಹಳೇ ಲೆನ್ಸನ್ನೇ ತಿರುಗಿಸಿ ಕೂರಿಸಿದಳು.

“ಅತ್ತೆ, ಕೈ ಮಾತ್ರ ಎತ್ತಬೇಡಿ. ಹ್ಞೂಂ!”

ಚೆಂಡು ಹಾರಿತು. ಅತ್ತೆಯ ತುಟಿ ಬಿಗಿಯಿತು, ಕತ್ತು ನೆಟ್ಟಗಾಯಿತು, ಕಣ್ಣುಗಳು ಎರಡು ಚಂದ್ರರಾದವು. ಕ್ಲಿಕ್! ಮರುಕ್ಷಣವೇ ಅತ್ತೆಯ ಅಂಗೈ ಬೀಸಿತು. ಚೆಂಡು ನೇರ ತಮ್ಮನ ಹಣೆಗೆ.

“ಪಾಯಿಂಟ್!” ಎಂದು ಅತ್ತೆ ಕುರ್ಚಿಯಿಂದ ಜಿಗಿದರು.

ಮೂವರೂ ಒಂದೇ ಸ್ಕೂಟರಿನಲ್ಲಿ ಕಚೇರಿಗೆ ಹಾರಿದರು. ಚಕ್ರಗಳು ನೆಲಕ್ಕೆ ತಾಗಿದ್ದು ಎರಡೇ ಕಡೆ. ಕೌಂಟರಿನ ಗುಮಾಸ್ತ ಫೋಟೋವನ್ನು ಬೆಳಕಿಗೆ ಹಿಡಿದ. “ಕಣ್ಣು ತೆರೆದಿದೆ. ಬಾಯಿ ಮುಚ್ಚಿದೆ. ಎಲ್ಲಾ ಸರಿ. ಆದ್ರೆ ಇವ್ರು ಯಾಕೆ ನನ್ನನ್ನ ಹೀಗೆ ನೋಡ್ತಿದಾರೆ?”

“ನಿಮ್ಮ ಸರ್ವ್‌ಗೆ ಕಾಯ್ತಿದೀನಿ” ಎಂದರು ಅತ್ತೆ.

ಐದಕ್ಕೆ ಎರಡು ನಿಮಿಷವಿರುವಾಗ ಮೊಹರು ಧಪ್ಪನೆ ಬಿತ್ತು. ಆ ಸದ್ದಿಗೆ ಅತ್ತೆ ಕಣ್ಣು ಮುಚ್ಚಿದರು. ಮುಚ್ಚಿದ ರೆಪ್ಪೆಯಡಿಯಿಂದ ನೀರು ಜಿನುಗಿತು. ಅಕ್ಕ ಅವರ ಕೈ ಹಿಡಿದುಕೊಂಡಳು.

ಸಂಜೆ ಅಕ್ಕ, ತಮ್ಮ ಇಬ್ಬರೂ ಬಾಡಿಯನ್ನೂ ಲೆನ್ಸನ್ನೂ ಅಂಗಡಿಗೆ ಮರಳಿಸಿ, ಪಕ್ಕದ ಆಟದ ಸಾಮಾನಿನ ಅಂಗಡಿಗೆ ನುಗ್ಗಿದರು. ಸ್ಟುಡಿಯೋಗೆ ಒಂದು ಡಜನ್ ಚೆಂಡು ಬೇಕೇ ಬೇಕು ಎಂಬುದರಲ್ಲಿ ಇಬ್ಬರದೂ ಒಂದೇ ಮಾತು.

“ಬಿಳಿ ಕೊಡಿ” ಎಂದಳು ಅಕ್ಕ.

“ಬಿಳಿ ಗೋಡೆ ಮುಂದೆ ಬಿಳಿ ಚೆಂಡಾ? ಮಿದುಳಿದೆಯಾ? ಕಿತ್ತಳೆ ಕೊಡಿ!”

“ಚೆಂಡು ಹಾರೋದು ನಿನ್ನ ಕಡೆಯಿಂದ ಕಣೋ, ಗೋಡೆ ಇರೋದು ಅತ್ತೆ ಹಿಂದೆ. ಕಣ್ಣಿದೆಯಾ?”

ಅದೇ ಮಧ್ಯಾಹ್ನ ಬೀದಿಗೆ ಮರಳಿದ್ದ ಎರಡು ಪಾರಿವಾಳಗಳು ಒಂದರ ಮುಖ ಒಂದು ನೋಡಿಕೊಂಡು, ಮತ್ತೆ ಗಂಟುಮೂಟೆ ಕಟ್ಟಿದವು.