ಬಾಯಿಪಾಠದ ಕಣ್ಣು

ಒಂದೇ ವಾರದಲ್ಲಿ ಮೂರನೇ ಸಲ ನನ್ನ ತಂಗಿಯ ಗಂಡನಿಗೆ ಅನ್ನದಲ್ಲಿ ಕಲ್ಲು ಸಿಕ್ಕಿತು. ಅವತ್ತು ನಾನೂ ಅವರ ಮನೆಯಲ್ಲೇ ಊಟಕ್ಕೆ ಕೂತಿದ್ದೆ.

“ಅಕ್ಕಿ ಆರಿಸೋಕೂ ಬರಲ್ವಾ ನಿಂಗೆ? ಕಾರ್ಖಾನೇಲಿ ದಿನವಿಡೀ ಕಸ ಹುಡುಕೋದೇ ತಾನೇ ನಿನ್ನ ಕೆಲಸ!” ಎಂದು ಅವನು ತಟ್ಟೆ ತಳ್ಳಿದ.

ನಾನೂ ತಂಗಿಯೂ ಒಂದೇ ಔಷಧ ಕಾರ್ಖಾನೆಯವರು. ಇಂಜೆಕ್ಷನ್ ಸೀಸೆಯನ್ನು ದೀಪದ ಮುಂದೆ ಹಿಡಿದು, ಒಳಗೆ ಕಸವೋ ಬಿರುಕೋ ಇದೆಯಾ ಎಂದು ನೋಡುವುದು ತಂಗಿಯ ಕೆಲಸ. ನಾನು ಪ್ಯಾಕಿಂಗ್‌ನಲ್ಲಿದ್ದೇನೆ, ಕೆಲಸಗಾರರ ಸಂಘದ ಪ್ರತಿನಿಧಿಯೂ ಹೌದು. ಕಾರ್ಖಾನೆ ಸರ್ಕಾರದ ಕೈಯಲ್ಲಿದ್ದಾಗ ಸೀಸೆ ನೋಡುವವರಿಗೆ ಗಂಟೆಗೆ ಹತ್ತು ನಿಮಿಷ ಬಿಡುವಿತ್ತು. ಆರು ವರ್ಷದ ಹಿಂದೆ ಹೊಸ ಮಾಲೀಕರು ಬಂದರು, ಬಿಡುವು ಹೋಯಿತು.

“ಕಣ್ಣು ಮಂಜಾಗಿದೆಯೇನೇ?” ಎಂದೆ.

“ಏನಿಲ್ಲಕ್ಕಾ. ಹೋದ ತಿಂಗಳು ತಾನೇ ಕಾರ್ಖಾನೇಲಿ ಕಣ್ಣು ಪರೀಕ್ಷೆ ಆಯ್ತಲ್ಲ. ಪಾಸಾಗಿದೀನಿ.”

“ಹಾಗಾದ್ರೆ ಆ ಕ್ಯಾಲೆಂಡರಿನ ಕೆಳಗೆ ಏನು ಬರೆದಿದೆ, ಓದು.”

ಅವಳು ಕಣ್ಣು ಕಿರಿದು ಮಾಡಿದಳು, ಉಜ್ಜಿಕೊಂಡಳು, ಕೊನೆಗೆ ನೆಲ ನೋಡಿದಳು.

“ಮತ್ತೆ ಪರೀಕ್ಷೇಲಿ ಹೇಗೆ ಓದಿದೆ?”

“ಆ ಅಕ್ಷರದ ಹಲಗೆ ಆರು ವರ್ಷದಿಂದ ಅದೇ ಅಕ್ಕಾ. ನಮಗೆಲ್ಲ ಬಾಯಿಪಾಠ. ಹೊಸಬರಿಗೂ ಊಟದ ಹೊತ್ತಲ್ಲಿ ನಾವೇ ಹೇಳ್ಕೊಡ್ತೀವಿ. ಕಣ್ಣು ಸರಿಯಿಲ್ಲ ಅಂತ ಗೊತ್ತಾದ್ರೆ ತೆಗೆದುಬಿಡ್ತಾರೆ ಅಂತ ಹೆದರಿಕೆ.”

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಬಿಡುವು ಕೊಡಿ ಎಂದು ಮ್ಯಾನೇಜರ್ ಕೋಣೆಗೆ ಅಲೆದು ನನ್ನ ಚಪ್ಪಲಿ ಸವೆದಿತ್ತು. ಹೋದಾಗಲೆಲ್ಲ ಅವರು ರಿಜಿಸ್ಟರ್ ತೆಗೆದು, “ನೋಡಮ್ಮ, ಸೀಸೆ ನೋಡೋ ಇಪ್ಪತ್ತೆಂಟು ಜನರ ಕಣ್ಣೂ ಚೆನ್ನಾಗಿದೆ. ಬಿಡುವು ಯಾರಿಗೆ ಬೇಕು?” ಎನ್ನುತ್ತಿದ್ದರು. ಆ ರಿಜಿಸ್ಟರ್ ತುಂಬಿಸಿದವರು ಈ ಮಹಾತಾಯಿಯರೇ!

“ಅಲ್ವೇ, ವಾದ ಮಾಡೋಕೆ ನನ್ನನ್ನ ಮುಂದೆ ಕಳಿಸಿ, ಹಿಂದಿನಿಂದ ನೀವೇ ಕಾಲು ಎಳೀತೀರಲ್ಲ!”

ಅವಳ ಗಂಡ ನಡುವೆ ಬಾಯಿ ಹಾಕಿದ. “ನಿಜ ಹೇಳಿ ಕೆಲಸ ಹೋದ್ರೆ, ನಿಮ್ಮ ಸಂಘ ನಮ್ಮನೆ ನಡೆಸುತ್ತಾ ಅಕ್ಕಾ?”

“ಒಬ್ಬಳೇ ಹೇಳಿದ್ರೆ ಹೋಗಬಹುದಪ್ಪ. ಇಪ್ಪತ್ತೆಂಟು ಜನಾನೂ ಹೇಳಿದ್ರೆ? ದೀಪದ ಮುಂದೆ ಮ್ಯಾನೇಜರ್ರೇ ಬಂದು ಕೂರ್ತಾರಾ? ಪರೀಕ್ಷೆ ನೆಪದಲ್ಲಿ ಯಾರನ್ನೂ ತೆಗೆಯಲ್ಲ ಅಂತ ಮೊದಲು ಬರೆಸ್ಕೊಳ್ತೀವಿ. ಆಮೇಲೆ ಪರೀಕ್ಷೆ. ಸಂಘ ಇರೋದು ಮತ್ತಿನ್ಯಾತಕ್ಕೆ?”

ಅವನು ಏನೋ ಗೊಣಗಿದ. ಅಷ್ಟರಲ್ಲಿ ತಂಗಿ ಅಳತೊಡಗಿದಳು.

“ನಿನ್ನೆ ನಾನು ಸರಿಯಿದೆ ಅಂತ ಬಿಟ್ಟ ಸೀಸೇಲಿ ಗಾಜಿನ ಚೂರಿತ್ತು ಅಕ್ಕಾ. ಪಕ್ಕದವಳು ನೋಡಿ ತೆಗೆದಳು. ಇಲ್ದಿದ್ರೆ ಯಾರ ಮೈಗೆ ಹೋಗ್ತಿತ್ತೋ.”

ಗಂಡ ತಾನು ತಳ್ಳಿದ್ದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. “ಬರೆಸ್ಕೊಳ್ಳಿ ಅಕ್ಕಾ. ನಿಜ ಹೇಳೋರ ಪಟ್ಟೀಲಿ ಮೊದಲ ಹೆಸರು ಇವಳದೇ ಇರಲಿ,” ಎಂದ.

ಸುಲಭವಾಗೇನೂ ಆಗಲಿಲ್ಲ. ಇಪ್ಪತ್ತೆಂಟು ಜನರನ್ನು ಒಪ್ಪಿಸಲು ನನ್ನ ಗಂಟಲು ಕಟ್ಟಿತು, ಮ್ಯಾನೇಜರ್ ಸಹಿ ಹಾಕಲು ಮೂರು ವಾರ ಸತಾಯಿಸಿದರು. ಕೊನೆಗೆ ಹೊರಗಿನ ಕಣ್ಣಿನ ವೈದ್ಯರು ತಮ್ಮದೇ ಹಲಗೆ ತಂದರು. ಹತ್ತೊಂಬತ್ತು ಜನರಿಗೆ ಕನ್ನಡಕ ಬೇಕಿತ್ತು. ಒಬ್ಬರ ಕೆಲಸವೂ ಹೋಗಲಿಲ್ಲ. ವೈದ್ಯರ ವರದಿ ಮುಂದಿಟ್ಟು ಕೇಳಿದ್ದಕ್ಕೆ ಗಂಟೆಗೆ ಹತ್ತು ನಿಮಿಷದ ಬಿಡುವೂ ವಾಪಸ್ ಬಂತು. ಇಷ್ಟಕ್ಕೆ ಆರು ವರ್ಷ ಕಣ್ಣು ಹಾಳು ಮಾಡಿಕೊಂಡರಲ್ಲ ಎಂದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕಣ್ಣು ಮಂಜಾಗಿದ್ದರೆ, ಬೆನ್ನು ನೋಯುತ್ತಿದ್ದರೆ, ಕಿವಿ ಮಂದವಾಗಿದ್ದರೆ ‘ಏನಿಲ್ಲ’ ಎಂದು ಬರೆಸಬೇಡಿ. ನೀವೇ ಏನಿಲ್ಲ ಎಂದಮೇಲೆ ನಿಮ್ಮ ಪರವಾಗಿ ಯಾರು ಏನು ಕೇಳಲಿ? ನಿಮ್ಮ ಕೆಲಸದ ಜಾಗದ ಸಂಘಕ್ಕೆ ಸೇರಿ. ಹೆದರಿಕೆಯಿದ್ದರೆ ಅದನ್ನೂ ಅಲ್ಲಿ ಹೇಳಿ. ನನ್ನಂಥ ಸಿಡುಕಿ ಯಾರಾದರೂ ಸಿಕ್ಕರೆ ನಾಲ್ಕು ಮಾತು ಬೈದಾಳು, ಬೈಸಿಕೊಳ್ಳಿ. ಮ್ಯಾನೇಜರ್ ಕೋಣೆಗೆ ನಿಮ್ಮ ಜೊತೆ ಬರುವವಳೂ ಅವಳೇ.