ಜೂರಾಕಾನ್ ಒಪ್ಪದ ಅಂಕಿ

ಇತರರು ಹೇಳಿದ ಅಂಕಿಗೆ ಜೂರಾಕಾನ್ ಎಂದೂ ತಲೆಬಾಗಿದವರಲ್ಲ. ನಾರಿನ್ ನದಿಯ ಮೇಲಣ ಕಣಿವೆಯ ನಮ್ಮ ಹವಾಮಾನ ಠಾಣೆಯಲ್ಲಿ ಮೂವತ್ತು ಚಳಿಗಾಲ ಹಿಮದ ಆಳ ಅಳೆದು, ಎಡಗಾಲಿನ ಎರಡು ಬೆರಳನ್ನು ಆ ಹಿಮಕ್ಕೇ ಒಪ್ಪಿಸಿ, ಕುರಿದೊಗಲಿನ ಕೋಟಿನ ಜೇಬಿನಲ್ಲಿ ಪೆನ್ಸಿಲ್ಲನ್ನೂ ಒಣಮೊಸರಿನ ಉಂಡೆಗಳನ್ನೂ ಒಟ್ಟಿಗೇ ತುಂಬಿಕೊಂಡು, ಪ್ರತಿ ಹೆಜ್ಜೆಯನ್ನೂ ನೆಲಕ್ಕೆ ಒತ್ತಿ ನಡೆಯುತ್ತಿದ್ದ ಅವರನ್ನು ನಾವೆಲ್ಲ ಎಜೆ, ಅಂದರೆ ಅಕ್ಕ, ಎನ್ನುತ್ತಿದ್ದೆವು. ಮೇಲಧಿಕಾರಿಯೇ ಬಂದು ಇಂದಿನ ಚಳಿ ಇಷ್ಟೆಂದರೂ "ಅಳೆದೋರು ಯಾರು?" ಎಂದು ಕೇಳುವುದು ಅವರ ಚಾಳಿ.

ಒಂದು ಫೆಬ್ರವರಿಯ ನಡುವೆ ಇಂಟರ್ನೆಟ್ ಕಂಪನಿಯ ನೌಕರ ಮೆಲಿಸ್ ಎಂಬಾತ ಪಟ್ಟಣದಿಂದ ಕುದುರೆಯೇರಿ ಬಂದು ಮೊಹರೊತ್ತಿದ ನೋಟಿಸು ತಂದ. ತಿಂಗಳಿಗೆ ಇಪ್ಪತ್ತು ಜಿಬಿ ಮಿತಿ. ಆಗಲೇ ಹದಿನೆಂಟು ಮುಗಿದಿದೆ. ಇನ್ನೆರಡು ಕಳೆದರೆ ಸಂಪರ್ಕ ಕಡಿತ. ಕಡಿದರೆ ಹಿಮಕುಸಿತದ ಎಚ್ಚರಿಕೆ ಕೆಳದಾರಿಯ ಲಾರಿಗಳಿಗೆ ಮುಟ್ಟುವಂತಿರಲಿಲ್ಲ. ನಮ್ಮ ಕಂಪ್ಯೂಟರಾದರೋ ಬಳಕೆ ಏಳೇ ಎನ್ನುತ್ತಿತ್ತು.

"ನಿಮ್ಮೋರು ಇಂಟರ್ನೆಟ್ಟಲ್ಲಿ ಕುಸ್ತಿ ನೋಡ್ತಾ ಕೂತಿರ್ತಾರೆ, ಎಜೆ. ನೋಟಿಸಿಗೆ ಸಹಿ ಹಾಕಿ, ಒಬ್ಬನ್ನ ಕೆಲಸದಿಂದ ತೆಗೀರಿ, ಮುಗೀತು," ಎಂದ ಮೆಲಿಸ್, ಠಾಣೆಯ ಕಿರಿಯ ನೌಕರನಾದ ನನ್ನತ್ತ ನೋಡುತ್ತ.

"ಸಹಿ ನಂದು, ಕೈಯೂ ನಂದು. ನೀನು ಚಾ ಕುಡಿ."

ಎಜೆ ಕನ್ನಡಕ ಏರಿಸಿ ಪರದೆಯ ಒಂದೊಂದೇ ಪುಟ ತೆರೆದರು. ಏಳು ಎಂಬುದು ತಂತಿಯ ಸಂಪರ್ಕವೊಂದರದೇ ಲೆಕ್ಕ. ಅದೇ ಕಂಪ್ಯೂಟರು ವೈಫೈಯಲ್ಲಿ ಬಳಸಿದ್ದು ಬೇರೆಯೇ ಪುಟದಲ್ಲಿ ಐದು ಎಂದಿತ್ತು. ಒಟ್ಟು ಹನ್ನೆರಡು. ಫೋನು ಎಳೆದದ್ದು ಕಂಪ್ಯೂಟರಿಗೆ ಕಾಣುವುದೇ ಇಲ್ಲವೆಂದು ಹೊಳೆದಾಗ, ಠಾಣೆಯ ವೈಫೈಗೆ ಸೇರಿದ್ದ ಒಂದೇ ಫೋನಾದ ನನ್ನದಕ್ಕಾಗಿ ಕೈ ಚಾಚಿದರು.

"ಮೂರು ಜಿಬಿ! ಕುಸ್ತೀನಾ, ತಮ್ಮಾ?"

"ಹೌದಕ್ಕಾ."

"ಗೆದ್ದೋರು ಯಾರು?"

"ನಮ್ಮೋನೇ."

"ಸಂತೋಷ. ಆದ್ರೂ ತಪ್ಪು ತಪ್ಪೇ."

ನನ್ನ ಕೆಲಸ ಹೋಯಿತೆಂದೇ ತಿಳಿದೆ. ಎಜೆ ಹದಿನೈದು ಎಂದು ಬರೆದುಕೊಂಡು ಮೆಲಿಸನತ್ತ ತಿರುಗಿದರು. "ಇನ್ನು ಮೂರು ಎಲ್ಲಿ?"

ಅವನು ನಕ್ಕ. ಎಜೆ ಎದ್ದು ಠಾಣೆಯ ಎಲ್ಲ ಯಂತ್ರಗಳನ್ನೂ ಆರಿಸಿದರು, ಇಂಟರ್ನೆಟ್ ತಂತಿಯನ್ನು ಗೋಡೆಯ ಪೆಟ್ಟಿಗೆಯಿಂದಲೇ ಕಿತ್ತರು. "ನಿನ್ನ ಫೋನಲ್ಲಿ ಕಂಪನಿ ಲೆಕ್ಕ ತೆಗೆದು ಇಟ್ಕೋ. ಊಟದ ತನಕ ಯಾರೂ ಏನೂ ಮುಟ್ಟೋದಿಲ್ಲ."

ಊಟದ ಹೊತ್ತಿಗೆ ಕಂಪನಿಯ ಅಂಕಿ ಮತ್ತೂ ಏರಿತ್ತು. ಮೆಲಿಸ್ ಬೆವರೊರೆಸಿಕೊಂಡು ಕಚೇರಿಗೆ ಕರೆ ಮಾಡಿದ. ಬೇರೆ ಯಾರದೋ ಬಳಕೆ ನಮ್ಮ ಖಾತೆಗೆ ಸೇರುತ್ತಿತ್ತು.

"ಪರಸ್ಪರ ತಪ್ಪು ತಿಳುವಳಿಕೆ ಅಂತ ಬರೆದುಬಿಡೋಣ್ವಾ, ಎಜೆ? ಇಬ್ಬರ ಮಾನವೂ ಉಳಿಯುತ್ತೆ."

"ನಮ್ಮ ಮೂರು ನಾನು ಬರೀತೀನಿ, ಇವನ ಹೆಸರು ಹಾಕೇ ಬರೀತೀನಿ. ನಿಮ್ಮ ಮೂರು ನೀನು ಬರಿ. ಅಲ್ಲೀತನಕ ನಿನ್ನ ಕುದುರೆ ಲಾಯದ ಬಾಗಿಲು ದಾಟಲ್ಲ."

ಮೆಲಿಸ್ ಬರೆದ. ನೋಟಿಸು ರದ್ದಾಯಿತು, ಕಿತ್ತ ತಂತಿ ಮತ್ತೆ ಸೇರಿತು, ಎಚ್ಚರಿಕೆಗಳು ಎಂದಿನಂತೆ ಹೋದವು. ನನಗೆ ಛೀಮಾರಿ ಬಂತು, ಕೆಲಸ ಉಳಿಯಿತು.

ಬಲಿಷ್ಠರ ಮುಂದೆ ಸೆಟೆದು ನಿಲ್ಲುವವರನ್ನು ಹಲವರನ್ನು ಕಂಡಿದ್ದೇನೆ. ಅವರಲ್ಲಿ ಬಹುಪಾಲು ಮಂದಿ ಕೂಗಿ ದಣಿಯುತ್ತಾರೆ. ತಮ್ಮ ಮನೆಯ ತಪ್ಪನ್ನು ತಾವೇ ಮೊದಲು ಹೊರಗೆ ಹಾಕಿ ಆಮೇಲೆ ಇನ್ನೊಬ್ಬರ ಬಾಗಿಲು ಬಡಿಯುವವರು ವಿರಳ. ಅಂಥವರು "ಇಲ್ಲ" ಎಂದರೆ, ಆ ಮಾತನ್ನು ಕದಲಿಸಲು ಯಾವ ಕಚೇರಿಯ ಮೊಹರಿಗೂ ಸಾಧ್ಯವಾಗುವುದಿಲ್ಲ.