ಧೋತರದ ಪರದೆಯ ಆಚೆ

ಮೂರನೆಯ ರೀಲು ಅರ್ಧಕ್ಕೆ ಬಂದಿದ್ದಾಗ ಹತ್ತಿ ಗೋದಾಮಿನ ತಗಡಿನ ಬಾಗಿಲು ಸರಿಯಿತು. ಮಧ್ಯಾಹ್ನದ ಬಿಸಿಲು ಒಮ್ಮೆ ಒಳಗೆ ನುಗ್ಗಿ ಮತ್ತೆ ಮಾಯವಾಯಿತು. ಪ್ರೊಜೆಕ್ಟರಿನ ಪಕ್ಕದಲ್ಲಿದ್ದ ಫಕ್ರುದ್ದೀನ ತಿರುಗಿ ನೋಡಲಿಲ್ಲ. ಕುಕನೂರಿನ ಆ ಓಣಿಯಲ್ಲಿ ಬೂಟು ತೊಟ್ಟು ನಡೆಯುವವರು ಯಾರೂ ಇರಲಿಲ್ಲ. ಬೂಟಿನ ಸಪ್ಪಳವೇ ಎಲ್ಲವನ್ನೂ ಹೇಳಿತ್ತು.

"ಆಪರೇಟರ್ ಯಾರು?"

"ನಾನ್ರೀ. ಫಕ್ರುದ್ದೀನ."

"ನಾನು ವಿರೂಪಾಕ್ಷಪ್ಪ. ರಾಯಚೂರಿನಿಂದ ತಪಾಸಣಿಗೆ ಬಂದೀನಿ. ನಿನ್ನ ಲೈಸನ್ಸು?"

ಅಂಗಿಯ ಕಿಸೆಯಿಂದ ಹೊರಬಂದ ಆ ಪುಟ್ಟ ಪುಸ್ತಕಕ್ಕಾಗಿ ಫಕ್ರುದ್ದೀನ ಟೂರಿಂಗ್ ಟಾಕೀಸಿನಲ್ಲಿ ಒಂಬತ್ತು ವರ್ಷ ಪೋಸ್ಟರು ಅಂಟಿಸಿದ್ದ, ಯಂತ್ರದ ಎಣ್ಣೆ ಒರೆಸಿದ್ದ. ಮೂರನೆಯ ಸಲ ಪರೀಕ್ಷೆಗೆ ಕುಳಿತು ಪಾಸಾಗಿದ್ದ. ಅದು ಹೋದರೆ ಮತ್ತೆ ಅಂಟಿನ ಡಬ್ಬಿಯೇ ಗತಿ.

ಅಧಿಕಾರಿ ಬಂದದ್ದರಲ್ಲಿ ತಪ್ಪೇನೂ ಇರಲಿಲ್ಲ. ೧೯೮೧ರ ಆ ಬೇಸಿಗೆಯಲ್ಲಿ ಹೈಸ್ಕೂಲಿನ ಈಶಪ್ಪ ಮಾಸ್ತರರು ಓಣಿಯ ಜನರನ್ನು ಕೂಡಿಸಿ ಮೂರು ದಿನಗಳ ಚಿತ್ರೋತ್ಸವ ನಡೆಸುತ್ತಿದ್ದರು. ದೊಡ್ಡ ಕಂಪನಿಗಳ ಹಂಗಿಲ್ಲದೆ, ಗೆಳೆಯರನ್ನು ಕಟ್ಟಿಕೊಂಡು ಯಾರ‍್ಯಾರೋ ತೆಗೆದ ಐದು ದೇಶಗಳ ಚಿತ್ರಗಳು ಬೆಂಗಳೂರಿನಿಂದ ಬಸ್ಸಿನ ಮೇಲೆ ಬಂದಿಳಿದಿದ್ದವು. ಇಲ್ಲಿನ ಸೆನ್ಸಾರಿನ ಮುದ್ರೆ ಬೀಳದ ಚಿತ್ರಗಳಾದ್ದರಿಂದ ಅನುಮತಿ ಪತ್ರದಲ್ಲಿ ಒಂದು ಷರತ್ತಿತ್ತು: ಹೆಸರು ಬರೆಸಿದ ಸದಸ್ಯರು ಮಾತ್ರ ನೋಡಬೇಕು. ಹೊರಗಿನವರು ಒಬ್ಬರು ಕಂಡರೂ ಪ್ರದರ್ಶನ ಬಂದ್, ಆಪರೇಟರನ ಲೈಸನ್ಸು ರದ್ದು.

ಸದಸ್ಯರ ಪಟ್ಟಿಯಲ್ಲಿ ಮನೆಗೊಬ್ಬರಂತೆ ನಲವತ್ತೆರಡು ಗಂಡಸರ ಹೆಸರಿತ್ತು. ಪರದೆಯ ಬೆಳಕಿನಲ್ಲಿ ವಿರೂಪಾಕ್ಷಪ್ಪ ತಲೆ ಎಣಿಸಿದ. ನಲವತ್ತೆರಡೇ.

ಅವನಿಗೆ ಕಾಣದಿದ್ದದ್ದು ಪರದೆಯ ಆಚೆಯ ಸಾಲು. ಎರಡು ಧೋತರ ಜೋಡಿಸಿ ಹೊಲಿದ ಆ ಬಟ್ಟೆಯ ಹಿಂದೆ, ಹಿತ್ತಲ ಬಾಗಿಲಿನಿಂದ ಬಂದ ಇಪ್ಪತ್ತೇಳು ಹೆಂಗಸರು ನೆಲದ ಮೇಲೆ ಕುಳಿತಿದ್ದರು. ಮಾವ, ಭಾವಂದಿರ ಎದುರು ಕೂರುವ ರೂಢಿ ಓಣಿಯಲ್ಲಿರಲಿಲ್ಲ. ಬಟ್ಟೆಯಲ್ಲಿ ಹಾಯ್ದುಬಂದ ಚಿತ್ರ ಅವರಿಗೆ ಎಡಬಲ ಅದಲುಬದಲಾಗಿ ಕಾಣುತ್ತಿತ್ತು. ಅದಕ್ಕೆ ಅವರ ತಕರಾರೇನೂ ಇರಲಿಲ್ಲ.

ಫಕ್ರುದ್ದೀನ ರೀಲಿನತ್ತ ಕಣ್ಣು ಹಾಯಿಸಿದ. ಪರದೆಯ ಮೇಲೆ ಚಿತ್ರ ಓಡುತ್ತಿರುವವರೆಗೆ ಆಚೆಯವರು ಕಾಣುವುದಿಲ್ಲ. ಆದರೆ ಇದ್ದದ್ದು ಒಂದೇ ಪ್ರೊಜೆಕ್ಟರು. ರೀಲು ಬದಲಿಸುವಾಗಲೆಲ್ಲ ಆಚೆಯ ಹೆಂಗಸರಲ್ಲೊಬ್ಬಳಾದ ಹುಲಿಗವ್ವ ಎಲೆಅಡಿಕೆಗೆಂದು ಕಂದೀಲು ಹಚ್ಚುತ್ತಿದ್ದಳು. ಹಚ್ಚಿದರೆ ಅಷ್ಟೂ ಜನರ ನೆರಳು ಧೋತರದ ಮೇಲೆ ತೊಗಲುಗೊಂಬೆಯಂತೆ ಮೂಡುತ್ತದೆ. ರೀಲಿನಲ್ಲಿ ಉಳಿದದ್ದು ಆರು ನಿಮಿಷ. ಯಂತ್ರ ಬಿಟ್ಟು ಅವನು ಕದಲುವಂತಿಲ್ಲ.

ಮೈಕಿನೆದುರು, ಆಗ ಓಡುತ್ತಿದ್ದ ಪೋಲೆಂಡಿನ ಚಿತ್ರದ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದ ಈಶಪ್ಪ ಮಾಸ್ತರರತ್ತ ಅವನು ನೋಡಿದ. ಅವರಿಗೂ ಹೊಳೆದಿತ್ತು. ಚಿತ್ರದಲ್ಲಿ ವಿಧವೆಯೊಬ್ಬಳು ಹಿಮದಲ್ಲಿ ಗಾಡಿ ಎಳೆಯುತ್ತಿದ್ದಳು. ಮಾಸ್ತರರು ಗಂಟಲು ಸರಿಮಾಡಿಕೊಂಡು ಅವಳ ಬಾಯಲ್ಲಿ ಇಲ್ಲದ ಮಾತನ್ನು ಇಟ್ಟರು:

"ಆಕಿ ಏನಂತಾಳಪಾ ಅಂದ್ರ, 'ಅವ್ವಗೋಳಿರಾ, ಸರಕಾರದವ್ರು ಬಂದಾರ. ಯಾರೂ ದೀಪ ಹಚ್ಚಬ್ಯಾಡ್ರಿ, ಉಸರ ಎತ್ತಬ್ಯಾಡ್ರಿ' ಅಂತಾಳ."

ಬಳಿಕ ಧೋತರದ ಆಚೆಯಿಂದ ಹುಲಿಗವ್ವನ ದನಿ ಸ್ಪಷ್ಟವಾಗಿ ಕೇಳಿತು.

"ನೋಡಿದ್ಯಾ, ಆ ದೇಶದಾಗೂ ಸರಕಾರದವ್ರ ಕಾಟ ತಪ್ಪಿಲ್ಲ."

ವಿರೂಪಾಕ್ಷಪ್ಪನ ಪೆನ್ನು ನಿಂತಿತು. "ಅದು ಯಾರ ದನಿ?"

ಮುಂದಿನ ಸಾಲಿನ ನಾಲ್ಕೈದು ಗಂಡಸರಿಗೆ ಒಟ್ಟಿಗೆ ಕೆಮ್ಮು ಬಂತು. ಫಕ್ರುದ್ದೀನ ಏನನ್ನೂ ಕೇಳದವನಂತೆ ಲೆನ್ಸಿನತ್ತ ಬಾಗಿದ. ವಿಧವೆ ಮಗನ ಮನೆಯ ಮೆಟ್ಟಿಲು ಹತ್ತಿದಳು. ಫಿಲ್ಮಿನ ಬಾಲ ಚಟಪಟನೆ ಬಡಿದುಕೊಂಡು ಗೋದಾಮು ಕತ್ತಲಾಯಿತು.

ಆಚೆ ಕಡ್ಡಿ ಗೀರಿದ ಸಪ್ಪಳ.

ಧೋತರದ ತುಂಬ ಹೆಂಗಸರ ನೆರಳುಗಳು ಎದ್ದವು. ಒಬ್ಬಳು ಕೂಸನ್ನು ಹೆಗಲಿಗೇರಿಸಿದಳು, ಇನ್ನೊಬ್ಬಳು ಎಲೆಗೆ ಸುಣ್ಣ ಸವರಿದಳು.

ವಿರೂಪಾಕ್ಷಪ್ಪ ಪರದೆಯ ಹತ್ತಿರ ಹೋಗಿ ನಿಂತ. "ಇಲ್ಲಿ ಕೂಡಾಕ ನಿಮಗ ಯಾರು ಹೇಳಿದ್ರು?"

ನೆರಳುಗಳು ಗಕ್ಕನೆ ನಿಂತವು. ಉತ್ತರ ಕೊಟ್ಟವಳು ಇಮಾಮಬೀ, ಫಕ್ರುದ್ದೀನನ ಹೆಂಡತಿ. "ನಾವು ಪಡದೆ ಮುಂದ ಕುಂತಿಲ್ಲಲ್ರೀ ಸಾಹೇಬ್ರ. ಹಿಂದ ಕುಂತವ್ರು ನೋಡೂ ಮಂದಿ ಲೆಕ್ಕಕ್ಕ ಬರೂದಿಲ್ಲಂತ. ಗೊಂಬಿ ಆಟದಾಗ ಪಡದೆ ಹಿಂದ ಇದ್ದವ್ರನ್ನ ಯಾರೂ ಎಣಸೂದಿಲ್ಲ, ಹಂಗ ಐತಿ ಇದು."

"ಹಂಗಂತ ಯಾರಂದ್ರು?"

ಇಮಾಮಬೀಯ ನೆರಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ಪರದೆಯ ಹಿಂದೆ ಕೂತರೆ ನಡೆಯುತ್ತದೆಯೇ ಎಂದು ಮೊನ್ನೆ ರೊಟ್ಟಿ ತಟ್ಟುತ್ತ ಅವಳು ಎರಡು ಸಲ ಕೇಳಿದ್ದಳು. ಎರಡು ಸಲವೂ ಹಾಗೆಂದು ಧೈರ್ಯ ಹೇಳಿದವನು ಅವಳ ಗಂಡನೇ. ಆ ಮಾತು ನಂಬಿ ಅವಳು ಮನೆಮನೆಗೆ ಹೋಗಿ ಇಪ್ಪತ್ತಾರು ಹೆಂಗಸರನ್ನು ಕರೆತಂದಿದ್ದಳು.

ವಿರೂಪಾಕ್ಷಪ್ಪ ಫಕ್ರುದ್ದೀನನ ಹತ್ತಿರ ಹಿಂದಿರುಗಿ ದನಿ ತಗ್ಗಿಸಿದ. ಅವನೇನೂ ಕೆಟ್ಟವನಲ್ಲ. "ನೋಡು, ನಿನ್ನ ಹೊಟ್ಟಿ ಮ್ಯಾಲೆ ಹೊಡಿಯೂದು ನನಗೂ ಬ್ಯಾಡ. 'ಇವ್ರು ನನಗ ಗೊತ್ತಿಲ್ದ ಹೊಕ್ಕಾರ, ನಾನು ಆಟ ನಿಲ್ಲಿಸೀನಿ' ಅಂತ ಎರಡು ಸಾಲು ಬರಕೊಡು. ಲೈಸನ್ಸು ನಿನ್ನ ಕಿಸೇದಾಗ ಇರ್ತೈತಿ."

"ಬರಕೊಡಪಾ," ಎಂದರು ಈಶಪ್ಪ ಮಾಸ್ತರರು, "ಏನಿದ್ರೂ ನನ್ನ ಮ್ಯಾಲೆ ಹಾಕು."

ಕಾಗದ ಬಂತು, ಪೆನ್ನೂ ಬಂತು. ಫಕ್ರುದ್ದೀನ ತಲೆಯೆತ್ತಿದ. ಬಟ್ಟೆಯ ಮೇಲೆ ಇಮಾಮಬೀಯ ನೆರಳು ಇನ್ನೂ ನಿಂತೇ ಇತ್ತು. ಅವನ ಹೆಸರು ಅವಳ ಬಾಯಿಂದ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಈ ಎರಡು ಸಾಲು ಬರೆದರೆ ಓಣಿಯ ಹೆಂಗಸರ ಮುಂದೆ ಸುಳ್ಳಿಯಾಗುವವಳು ಅವಳೇ.

"ನಾನ ಅಂದಿದ್ದೆರೀ," ಎಂದ. ಪೆನ್ನನ್ನು ಹಿಂದಕ್ಕೆ ಚಾಚಿದ. "ಕುಂದ್ರರಿ, ಏನೂ ಆಗೂದಿಲ್ಲ ಅಂತ ಹೇಳಿದಾವ ನಾನ."

ವಿರೂಪಾಕ್ಷಪ್ಪ ಆ ಪುಟ್ಟ ಪುಸ್ತಕವನ್ನು ತನ್ನ ಚೀಲಕ್ಕೆ ಸೇರಿಸಿದ. "ಯಂತ್ರ ಬಿಚ್ಚು."

"ಇನ್ನೊಂದು ರೀಲು ಐತ್ರೀ. ಹದಿನೆಂಟು ನಿಮಿಷ."

"ಲೈಸನ್ಸಿಲ್ಲದ ಓಡಸ್ತೀಯಾ?"

"ಅದು ರದ್ದಾಗೂದು ನೀವು ರಾಯಚೂರಿಗೆ ಹೋಗಿ ಹುಕುಮು ಬರದ ಮ್ಯಾಲ್ರೀ. ಅಲ್ಲೀತನಕ ನಾನು ಆಪರೇಟರ್ ಅದೀನಿ."

ವಿರೂಪಾಕ್ಷಪ್ಪ ಗಡಿಯಾರ ನೋಡಿಕೊಂಡ. ಕೊಪ್ಪಳದ ಬಸ್ಸು ಐದಕ್ಕೆ; ಇನ್ನೂ ಹೊತ್ತಿತ್ತು. ಗೋಡೆಯ ಬದಿಯ ಕುರ್ಚಿಯಲ್ಲಿ ಕುಳಿತು ವರದಿಯ ಕಾಗದ ತೆಗೆದ.

ಫಕ್ರುದ್ದೀನ ಕೊನೆಯ ರೀಲು ಏರಿಸಿದ. ಎರಡು ಸಲ ಫಿಲ್ಮು ಚಕ್ರದ ಹಲ್ಲಿಗೆ ಸಿಗದೆ ಜಾರಿತು, ಮೂರನೆಯ ಸಲ ಕೂತಿತು. ಆಮೇಲೆ ಆತ, ಆ ಮೂರು ದಿನಗಳಲ್ಲಿ ಮೊದಲ ಬಾರಿಗೆ, ಧೋತರದ ಆಚೆಗೆ ಕೇಳುವಂತೆ ದನಿ ಎತ್ತರಿಸಿದ.

"ಕಂದೀಲು ಆರಸ್ರಿ. ಶುರು ಮಾಡ್ತೀನಿ."

ಯಂತ್ರ ಗರಗರನೆ ತಿರುಗಿತು. ವರದಿ ಬರೆಯಲು ಬೆಳಕು ಸಾಲದೆ ವಿರೂಪಾಕ್ಷಪ್ಪ ತನ್ನ ಕುರ್ಚಿಯನ್ನು ಪ್ರೊಜೆಕ್ಟರಿನ ಹತ್ತಿರಕ್ಕೆ ಎಳೆದುಕೊಂಡ. ಫಕ್ರುದ್ದೀನ ಒಂದು ಹೆಜ್ಜೆ ಸರಿದು ಅವನಿಗೆ ಜಾಗ ಬಿಟ್ಟ.